ಮೂಳೆ ಭಾರದವಳು

ನಮ್ಮೂರಿಗೆ ರಸ್ತೆ ಇಲ್ಲ. ಮೂರು ಕಡೆ ಕಮರಿ, ನಾಲ್ಕನೆಯ ಕಡೆ ಜೌಗು. ಹಾಗಾಗಿ ಬೇರೆ ಊರಿನವರು ಗಾಡಿ, ಸ್ಕೂಟರು ಇಟ್ಟುಕೊಂಡ ಹಾಗೆ ನಮ್ಮಲ್ಲಿ ಅನುಕೂಲ ಇದ್ದವರು ಒಂದೊಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದಾರೆ. ಇಲ್ಲದವರು ಇದ್ದವರ ಜೊತೆ ಹೋಗಿಬರುತ್ತಾರೆ. ಹಿತ್ತಲಲ್ಲಿ ಹಸುವಿನ ಕೊಟ್ಟಿಗೆಯ ಪಕ್ಕದಲ್ಲೇ ವಿಮಾನ ನಿಲ್ಲಿಸುವವರಿದ್ದಾರೆ, ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ರೆಕ್ಕೆಯ ಮೇಲೆ ಸಂಡಿಗೆ ಒಣಹಾಕುವವರೂ ಇದ್ದಾರೆ. ಆ ಎರಡನೆಯವರಲ್ಲಿ ನಾನೂ ಒಬ್ಬಳು, ಸುಳ್ಳು ಯಾಕೆ ಹೇಳಲಿ.

ಊರ ತುದಿಯ ಬಯಲೇ ನಮ್ಮ ರನ್‌ವೇ. ಅದು ಗಿಡ್ಡ, ಮುಗಿದಲ್ಲೇ ಕಮರಿ. ಆದ್ದರಿಂದ ಹೊರಡುವ ಮೊದಲು ಎಲ್ಲರೂ ಚೌಡಪ್ಪನ ತಕ್ಕಡಿ ಹತ್ತಲೇಬೇಕು. ಬಾಗಿಲಿನಷ್ಟು ಅಗಲದ ಕಬ್ಬಿಣದ ಹಲಗೆ, ಎದುರಿಗೆ ಗಡಿಯಾರದ ಹಾಗೊಂದು ಮುಖ, ಅದರಲ್ಲೊಂದು ಮುಳ್ಳು, ಒಂದು ಕೆಂಪು ಗೆರೆ. ಹೋಗುವವರು, ಅವರ ಗಂಟುಮೂಟೆ ಎಲ್ಲ ಸೇರಿ ಹಲಗೆಯ ಮೇಲೆ ನಿಂತಾಗ ಮುಳ್ಳು ಗೆರೆ ದಾಟಬಾರದು. ಆ ಮುಳ್ಳು ಮೈತೂಕವನ್ನಷ್ಟೇ ತೋರಿಸುವುದಿಲ್ಲ. ಹೇಳಬೇಕಾದವರಿಗೆ ಹೇಳದೆ ಒಳಗೇ ಇಟ್ಟುಕೊಂಡ ಮಾತಿನ ಭಾರವನ್ನೂ ಕೂಡಿಸಿಯೇ ತೋರಿಸುತ್ತದೆ. ವಿಮಾನಕ್ಕೂ ಆ ಭಾರ ತಿಳಿಯುತ್ತದೆ.

ಊರಿನವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಮುಳ್ಳು ಗೆರೆ ದಾಟಿತೋ, ಚೌಡಪ್ಪ ಆಕಳಿಸುತ್ತ "ಇಳಿಸಿ ಬನ್ನಿ" ಅನ್ನುತ್ತಾನೆ. ತಕ್ಕಡಿಯ ಆಚೆ ಹುಣಸೆಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಹೋಗುವವನು, ಕಳಿಸಲು ಬಂದವರಲ್ಲಿ ಯಾರಿಗೆ ಹೇಳಬೇಕೋ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿ ಬರುತ್ತಾನೆ. ಬೇಲಿ ಒಂದು ಮೊಳ ಒತ್ತಿದ್ದು, ಮಗಳ ಸಂಬಂಧ ಇಷ್ಟವಿಲ್ಲದ್ದು, ನಿನ್ನ ಕೈಯ ಸಾರು ಉಪ್ಪು ಅನ್ನುವುದು, ಎಲ್ಲ ಆ ಮರ ಕೇಳಿದೆ. ಅತ್ತು ಬರುವವರಿದ್ದಾರೆ, ಕೈಕೈ ಮಿಲಾಯಿಸಿ ಬರುವವರಿದ್ದಾರೆ, ಆದರೆ ಬರುವಾಗ ಎಲ್ಲರೂ ಹಗುರವಾಗಿಯೇ ಬರುತ್ತಾರೆ. ಮದುವೆ ದಲ್ಲಾಳಿಯೊಬ್ಬರಿದ್ದರು, ಪಾಪ, ಅವರು ಕೊನೆಯವರೆಗೂ ಊರು ಬಿಟ್ಟು ಎಲ್ಲಿಗೂ ಹೋಗಲಾಗಲಿಲ್ಲ.

ನಾನು ಈ ಊರಿನಲ್ಲಿ ಹುಟ್ಟಿದವಳಲ್ಲ. ಮದುವೆಯಾದ ಮಾರನೆಯ ದಿನ ನಮ್ಮ ಯಜಮಾನರು ತಮ್ಮ ಹಳದಿ ವಿಮಾನದಲ್ಲಿ ನನ್ನನ್ನು ಕರೆತಂದರು. ನಾಲ್ಕು ಸೀಟು, ಒಂದೇ ಇಂಜಿನ್ನು, ಬಲಗಡೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಗ್ಗದಲ್ಲಿ ಕಟ್ಟಿದ್ದರು. ಬೆಟ್ಟಗಳ ಸಂದಿಯಲ್ಲಿ ನುಗ್ಗುವಾಗ ಅದು ಮೊರದಲ್ಲಿ ಕೇರಿದ ಹಾಗೆ ನಮ್ಮನ್ನು ಕುಣಿಸಿತು. ನನ್ನ ಜೀವ ಬಾಯಿಗೆ ಬಂದಿತ್ತು. ಇವರು ಮಾತ್ರ ಯಾವುದೋ ಹಾಡು ಹೇಳುತ್ತಿದ್ದರು. ಸಂದಿ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಹೇಗಿದೆ?" ಅಂತ ಕೇಳಿದರು. ಆ ಮುಖ ನೋಡಬೇಕಿತ್ತು. ತಾನೇ ಮಾಡಿದ ಮಣ್ಣಿನ ಬಸವನನ್ನು ತೋರಿಸುವ ಹುಡುಗನ ಮುಖ. ಆ ಮುಖಕ್ಕೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. "ಚೆನ್ನಾಗಿದೆ" ಅಂದೆ.

ಇಳಿದ ಕೂಡಲೇ ನನ್ನನ್ನು ತಕ್ಕಡಿ ಹತ್ತಿಸಿದರು. ಹೊಸ ಮದುಮಗಳ ತೂಕ ಮೊದಲೇ ತಿಳಿದಿದ್ದರೆ ಮುಂದಕ್ಕೆ ಅನುಕೂಲ ಅನ್ನುವುದು ಇಲ್ಲಿನ ಪದ್ಧತಿ. ಮುಳ್ಳು ಓಡಿದ್ದು ನೋಡಿ ನೆರೆದವರೆಲ್ಲ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನಾಗ ಕಡ್ಡಿಯ ಹಾಗಿದ್ದೆ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಚೌಡಪ್ಪ ತಲೆ ಕೆರೆದುಕೊಂಡು, ಹೊರಗಿನವರ ಮೂಳೆ ಭಾರ ಇರಬೇಕು ಅಂದ. ನಮ್ಮತ್ತೆ ಹೌದೌದು ಅಂದರು. ಅಲ್ಲಿಗೆ ನಾನು ಊರಿಗೆಲ್ಲ ಮೂಳೆ ಭಾರದವಳಾದೆ. ಬಂದ ಗಳಿಗೆಯಲ್ಲಿ ನನ್ನೊಳಗೊಂದು ಮಾತು ಇರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿಗೆ ಅಷ್ಟು ದೊಡ್ಡ ಮಾತು ಎಲ್ಲಿಂದ ಬರಬೇಕು? ಹೊರಗಿನವಳಾದ ನಾನೂ ಅದನ್ನೇ ನಂಬಿದೆ.

ಆಮೇಲೆ ಎಷ್ಟೋ ಸಲ ಹಾರಿದೆವು. ತವರಿಗೆ, ಮದುವೆ ಮುಂಜಿಗೆ, ಸಂತೆಗೆ. ಪ್ರತಿ ಸಲವೂ ನಾನು ಬಲಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ, ಇವರು ಅದನ್ನು ಸುಖಕ್ಕೆ ಅಂದುಕೊಂಡಿದ್ದರು. ಮೂಳೆ ಭಾರದವಳಿಗೆ ಒತ್ತಬಾರದು ಅಂತ ಹಳೆಯ ಕೌದಿ ಮಡಿಸಿ ಸೀಟಿಗೆ ಹೊಲಿದಿದ್ದರು. ಬೆಟ್ಟದ ಸಂದಿಯಲ್ಲಿ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿತ್ತು, ಆಗ ಮಾತ್ರ ಕಣ್ಣು ಬಿಟ್ಟು ಟವೆಲಿನಲ್ಲಿ ಒರೆಸುವುದು ನನ್ನ ಕೆಲಸ. ಇನ್ನೊಂದು ಸಂಗತಿ. ಇವರು ಎಲ್ಲಿಗೆ ಹೋದರೂ ಉಟ್ಟ ಬಟ್ಟೆಯಲ್ಲೇ ಬರುತ್ತಿದ್ದರು. ನನ್ನ ತೂಕಕ್ಕೆ ಜಾಗ ಆಗಲಿ ಅಂತ ತಮ್ಮ ಚೀಲವನ್ನು ಮನೆಯಲ್ಲೇ ಬಿಡುತ್ತಿದ್ದರು. ಮೂರು ದಿನದ ಮದುವೆಯಲ್ಲೂ ಅದೇ ಅಂಗಿ. ನಮ್ಮಣ್ಣ ಒಮ್ಮೆ ಹಾಸ್ಯ ಮಾಡಿದಾಗ ಇವರೂ ಜೊತೆಗೆ ನಕ್ಕರು.

ಹೀಗಿರುವಾಗ ಊರಿಗೆ ಕಂಪನಿ ವಿಮಾನ ಬಂತು. ಜೌಗಿಗೆ ಕಲ್ಲು ಮಣ್ಣು ತುಂಬಿಸಿ ಕಣ್ಣಿಗೆ ಕಾಣುವಷ್ಟು ದೂರ ರನ್‌ವೇ ಹಾಕಿದರು. ಅದರ ಮೇಲೆ ಊರಿನ ಅರ್ಧ ಜನರನ್ನು ಒಟ್ಟಿಗೆ ಹೊರುವ ಬಿಳಿ ವಿಮಾನ. ಅಲ್ಲಿ ಚೀಲವನ್ನು ತೂಗುತ್ತಾರೆಯೇ ಹೊರತು ಮನುಷ್ಯರನ್ನು ತೂಗುವುದಿಲ್ಲ. ಆ ಇಂಜಿನ್ನಿಗೆ ನಮ್ಮ ಮಾತಿನ ಭಾರ ಯಾವ ಲೆಕ್ಕ? ಜನ ಮುಗಿಬಿದ್ದರು. ಅತ್ತೆ ಸೊಸೆಯರು ಮುಖ ತಿರುಗಿಸಿಕೊಂಡೇ ಹತ್ತಿ, ಮುಖ ತಿರುಗಿಸಿಕೊಂಡೇ ಇಳಿದರು. ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಸಾಲಿನಲ್ಲಿ ಕೂತು ತಂಗಿಯ ನಿಶ್ಚಿತಾರ್ಥಕ್ಕೆ ಹೋಗಿಬಂದರು. ಹುಣಸೆಮರದ ಕೆಳಗಿನ ಬೆಂಚಿನ ಮೇಲೆ ಆಡುಗಳು ಮಲಗತೊಡಗಿದವು.

ಇವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅದು ವಿಮಾನವಲ್ಲ, ರೆಕ್ಕೆ ಇರುವ ಬಸ್ಸು ಅನ್ನುತ್ತಿದ್ದರು. ಕಂಪನಿಯವರು ಹೇಳಿದ ಹೊತ್ತಿಗೆ ಹೋಗಬೇಕು, ಹೇಳಿದ ಕಡೆ ಕೂರಬೇಕು, ನಡೆಸುವವನ ಮುಖವೂ ಕಾಣುವುದಿಲ್ಲ, ಬಾಗಿಲ ಹಿಂದೆ ಕೂತವನ ಕೈಯಲ್ಲಿ ಜೀವ ಕೊಟ್ಟು ಹೇಗೆ ನಿದ್ದೆ ಮಾಡುತ್ತಾರೋ ಅಂತ ಪೇಚಾಡುತ್ತಿದ್ದರು. ನಡೆಸುವವರ ಮುಖ ಕಾಣುವುದೇ ನನ್ನ ಕಷ್ಟ ಅಂತ ನಾನು ಹೇಗೆ ಹೇಳಲಿ? ಹೂಂ ಅನ್ನುತ್ತ ಸಂಡಿಗೆ ಮಗುಚಿ ಹಾಕುತ್ತಿದ್ದೆ. ಆದರೆ ಆ ಬಿಳಿ ವಿಮಾನ ಜೌಗಿನ ಮೇಲಿಂದ ಅಲ್ಲಾಡದೆ ಏಳುವುದನ್ನು ನೋಡಿದಾಗಲೆಲ್ಲ ನನ್ನ ಬಾಯಲ್ಲಿ ನೀರೂರುತ್ತಿತ್ತು.

ಆಸೆ ಒಂದು ಸಲ ಈಡೇರಿತು. ನಮ್ಮ ಒಬ್ಬಳೇ ಮಗಳು ಪದ್ಮಿನಿಯನ್ನು ದೊಡ್ಡೂರಿಗೆ ಕೊಟ್ಟಿದ್ದೇವೆ. ಅವಳ ಸೀಮಂತದ ಹೊತ್ತಿಗೆ ಹಳದಿ ವಿಮಾನದ ಇಂಜಿನ್ನು ಬಿಚ್ಚಿ ಅಂಗಳದ ತುಂಬ ಹರಡಿತ್ತು. ಇವರು ಗೊಣಗುತ್ತಲೇ ನನಗೆ ಟಿಕೆಟ್ ತೆಗೆಸಿದರು, ತಾವು ಬರಲಿಲ್ಲ. ಆ ಪ್ರಯಾಣವನ್ನು ಏನಂತ ಹೇಳಲಿ. ತಂಪಾದ ಗಾಳಿ. ಒಬ್ಬಳು ಹುಡುಗಿ ಕೈಮುಗಿದು ಪೆಪ್ಪರ್‌ಮೆಂಟು ಕೊಟ್ಟಳು, ಇನ್ನೊಬ್ಬಳು ಬಿಸಿ ಬಿಸಿ ಕಾಫಿ ಕೊಟ್ಟಳು. ಬೆಟ್ಟದ ಸಂದಿ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಪಕ್ಕದವನು ಯಾರೋ ಏನೋ, ನನ್ನ ಭುಜದ ಮೇಲೆ ಒರಗಿ ಗೊರಕೆ ಹೊಡೆದ. ಅವನು ಹೇಗಿದೆ ಅಂತ ಕೇಳುವ ಹಾಗಿರಲಿಲ್ಲ, ನಾನು ಚೆನ್ನಾಗಿದೆ ಅನ್ನುವ ಹಾಗೂ ಇರಲಿಲ್ಲ. ಸ್ವರ್ಗ ಅಂದರೆ ಸ್ವರ್ಗ. ಇಳಿಯುವ ಹೊತ್ತಿಗೆ ಮಾತ್ರ, ಇದನ್ನೆಲ್ಲ ಯಾರ ಹತ್ತಿರ ಹೇಳಲಿ ಅನ್ನಿಸಿ ಸ್ವಲ್ಪ ಬೇಸರವಾಯಿತು.

ಮಗಳನ್ನು ಡಾಕ್ಟರಿಗೆ ತೋರಿಸಲು ಹೋದಾಗ ಅಲ್ಲೊಂದು ತೂಕದ ಯಂತ್ರವಿತ್ತು. ಅವಳು ಇಳಿದ ಮೇಲೆ ಸುಮ್ಮನೆ ನಾನೂ ಹತ್ತಿದೆ. ಮುಳ್ಳು ನೋಡಿ ನಂಬಿಕೆಯಾಗದೆ ಇಳಿದು ಮತ್ತೆ ಹತ್ತಿದೆ. ನಮ್ಮೂರಿನ ತಕ್ಕಡಿಯಲ್ಲಿ ತೋರುವುದಕ್ಕಿಂತ ಒಂದು ಸಣ್ಣ ಅಕ್ಕಿ ಮೂಟೆಯಷ್ಟು ಕಮ್ಮಿ. ನರ್ಸಮ್ಮ ಏನಾದರೂ ಕಾಯಿಲೆ ಇದೆಯಾ ಅಂತ ಕೇಳಿದಳು. ಮಗಳು ಏನೂ ಕೇಳಲಿಲ್ಲ. ಅವಳು ನಮ್ಮೂರಿನಲ್ಲಿ ಹುಟ್ಟಿ ಬೆಳೆದವಳು. ನನ್ನ ಮುಖವನ್ನೇ ನೋಡುತ್ತ ನಿಂತವಳು ದಾರಿಯಲ್ಲಿ ಮೆಲ್ಲಗೆ, "ಅಮ್ಮಾ, ಅಪ್ಪನಿಗೆ ಏನು ಹೇಳದೆ ಇಟ್ಕೊಂಡಿದ್ದೀಯ?" ಅಂದಳು. ಎಂಥದ್ದೂ ಇಲ್ಲ, ಆ ಯಂತ್ರ ಕೆಟ್ಟಿದೆ ಅಂದೆ.

ರಾತ್ರಿ ಮಲಗಿದರೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಮೂಳೆಯೂ ಇಲ್ಲ ಮಣ್ಣೂ ಇಲ್ಲ, ಅದು ಆ ಒಂದು 'ಚೆನ್ನಾಗಿದೆ'ಯ ಭಾರ. ಹೇಳದೆ ಹೇಳದೆ ಬೆಳೆದು ಮೂಟೆಯಾಗಿದೆ. ಆ ಮೂಟೆಗೆ ಜಾಗ ಮಾಡಿಕೊಡಲು ಇವರು ಇಷ್ಟು ವರ್ಷ ಒಂದೇ ಅಂಗಿಯಲ್ಲಿ ತಿರುಗಿದರು. ನೆನೆದು ಅಳು ಬಂತು. ಹೇಳಿಬಿಡಬೇಕು ಅಂದುಕೊಂಡೇ ಊರಿಗೆ ಬಂದೆ. ಬಂದು ನೋಡಿದರೆ ಇವರು ಮೈಯೆಲ್ಲ ಎಣ್ಣೆ ಮಾಡಿಕೊಂಡು, ಇಂಜಿನ್ನು ಜೋಡಿಸಿ, ನನ್ನ ಸೀಟಿನ ಕೌದಿಗೆ ಹೊಸ ಬಟ್ಟೆ ಹೊಲಿಯುತ್ತ ಕೂತಿದ್ದರು. "ಆ ಬಸ್ಸಲ್ಲಿ ಸೊಂಟ ಹಿಡ್ಕೊಂಡಿರಬೇಕಲ್ಲ?" ಅಂದರು. ಹೌದು ಅಂದೆ. ಭಾರಕ್ಕೆ ಇನ್ನೊಂದಿಷ್ಟು ಸೇರಿತು.

ಹೆರಿಗೆಯ ದಿನ ಹತ್ತಿರ ಬಂದಾಗ ಮಗಳು ಹೊಸ ಹಟ ಹಿಡಿದಳು. ತಾನು ಮಲಗಿದ ತೊಟ್ಟಿಲೇ ತನ್ನ ಮಗುವಿಗೂ ಬೇಕಂತೆ. ದೊಡ್ಡೂರಿನಲ್ಲಿ ಬೇಕಾದಂಥ ತೊಟ್ಟಿಲು ಸಿಗುತ್ತದೆ ಅಂದರೆ ಕೇಳಲಿಲ್ಲ. ಬೀಟೆಯ ತೊಟ್ಟಿಲು, ನಮ್ಮತ್ತೆಯ ಕಾಲದ್ದು, ಮೊಳೆ ಇಲ್ಲದೆ ಕೂಡಿಸಿದ್ದು, ಬಿಚ್ಚಲು ಬರುವುದಿಲ್ಲ. ಕಂಪನಿಯವರು ಟೇಪು ಹಿಡಿದು ಅಳೆದು, ಆಗುವುದಿಲ್ಲ ಅಂದುಬಿಟ್ಟರು. ಇವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹಿಂದಿನ ಎರಡು ಸೀಟು ಕಿತ್ತು ತೊಟ್ಟಿಲನ್ನು ಹಗ್ಗದಲ್ಲಿ ಬಿಗಿದು ನೋಡಿದರು, ಹೇಳಿ ಮಾಡಿಸಿದ ಹಾಗೆ ಕೂತಿತು. ನಿಮ್ಮ ಬಸ್ಸಿಗೆ ಇದು ಆಗುತ್ತದೇನು ಅಂತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದರು.

ಹೊರಡುವ ಬೆಳಿಗ್ಗೆ ತೊಟ್ಟಿಲನ್ನು ಚೌಡಪ್ಪನ ಹಲಗೆಯ ಮೇಲಿಟ್ಟು ಅದರ ಎರಡು ಪಕ್ಕದಲ್ಲಿ ನಾವಿಬ್ಬರೂ ನಿಂತೆವು. ಮುಳ್ಳು ಕೆಂಪು ಗೆರೆ ದಾಟಿ ಆಚೆ ಹೋಗಿ ನಿಂತಿತು. ಅಂಟಿನುಂಡೆಯ ಡಬ್ಬ ಇಳಿಸಿದೆ. ಮಗುವಿಗೆಂದು ಒಗೆದು ಮಡಿಸಿದ್ದ ಹಳೆ ಸೀರೆಗಳ ಗಂಟು ಇಳಿಸಿದೆ. ಮುಳ್ಳು ಮನಸ್ಸಿಲ್ಲದ ಮನಸ್ಸಿನಿಂದ ಒಂಚೂರು ಹಿಂದೆ ಬಂತು. ಇವರ ಹತ್ತಿರ ಇಳಿಸಲು ಏನೂ ಇರಲಿಲ್ಲ, ಎಂದಿನ ಹಾಗೆ ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಚೌಡಪ್ಪ ನನ್ನ ಕಡೆ ನೋಡದೆ, ಅಕ್ಕನ ಮೂಳೆ ಭಾರ ಅಲ್ವಾ, ಏನು ಮಾಡೋದು ಅಂದ.

ಇವರು ಸ್ವಲ್ಪ ಹೊತ್ತು ತೊಟ್ಟಿಲ ಹಿಡಿಯನ್ನು ಸವರುತ್ತ ನಿಂತರು. ಆಮೇಲೆ, "ಒಂದು ಕೆಲಸ ಮಾಡು. ಇವತ್ತು ಮಧ್ಯಾಹ್ನ ಆ ಬಿಳಿದು ಹೋಗುತ್ತೆ. ನೀನು ಅದರಲ್ಲಿ ಬಾ. ತೊಟ್ಟಿಲು ನಾನು ತರ್ತೀನಿ," ಅಂದರು.

ನೋಡಿ, ನಾನು ಬಾಯಿ ಬಿಟ್ಟು ಕೇಳದಿದ್ದ ವರ ಅದು. ಪೆಪ್ಪರ್‌ಮೆಂಟು, ಕಾಫಿ, ಅಲ್ಲಾಡದ ಸೀಟು. ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಹೂಂ ಅನ್ನಲು ಬಾಯಿ ತೆರೆದವಳು ಇವರ ಕಡೆ ನೋಡಿದೆ. ನಿನ್ನೆ ಊರೆಲ್ಲ ಸುತ್ತಿ ಜಂಬ ಕೊಚ್ಚಿದ ಮನುಷ್ಯ, ಇವತ್ತು ಬೆಳಿಗ್ಗೆ ಇಷ್ಟು ಸಣ್ಣಗಾಗಿ ನಿಂತಿದ್ದರು. ಬೆಟ್ಟದ ಸಂದಿಯಲ್ಲಿ ಗಾಜು ಯಾರು ಒರೆಸುತ್ತಾರೆ ಅನ್ನಿಸಿತು. ಒಂದು ಕೈಯಲ್ಲಿ ವಿಮಾನ ಹಿಡಿದು, ಇನ್ನೊಂದು ತೋಳಿನಲ್ಲಿ ಗಾಜು ಉಜ್ಜುತ್ತ, ಪಕ್ಕದ ಖಾಲಿ ಸೀಟಿಗೆ ಹಾಡು ಹೇಳುತ್ತ ಇವರು ಒಬ್ಬರೇ ಬರುವುದು ಕಣ್ಣಿಗೆ ಕಟ್ಟಿತು. ನಾನು ಮೇಲೆ ಎಲ್ಲೋ ಕಾಫಿ ಕುಡಿಯುತ್ತಿರುತ್ತೇನೆ. ಆ ಭಯದ ಮುಂದೆ ನನ್ನ ಹಳೆಯ ಭಯ ಏನೂ ಅಲ್ಲ ಅನ್ನಿಸಿತು. ಮಗಳು ಈ ತೊಟ್ಟಿಲಿಗೇ ಯಾಕೆ ಹಟ ಹಿಡಿದಳು ಅನ್ನುವುದೂ ಆಗಲೇ ಹೊಳೆಯಿತು. ಕಳ್ಳಿ, ತೂಕ ಹಾಕಿಯೇ ಕೇಳಿದ್ದಾಳೆ.

ಹುಣಸೆಮರದ ಕೆಳಗೆ ಹೋಗುವಷ್ಟು ಧೈರ್ಯ ಉಳಿಯುತ್ತದೋ ಇಲ್ಲವೋ ಅಂತ ಹಲಗೆಯ ಮೇಲೆ ನಿಂತೇ ಹೇಳಿದೆ. "ನಂಗೆ ಮೂಳೆ ಭಾರ ಇಲ್ಲ. ನಿಮ್ಮ ವಿಮಾನ ಅಂದ್ರೆ ನಂಗೆ ಭಯ. ಮದುವೆಯಾಗಿ ಬಂದ ದಿನದಿಂದ ಭಯ. ಹೇಗಿದೆ ಅಂತ ಕೇಳಿದ್ರಲ್ಲ, ಆವತ್ತು ನಾನು ಹೇಳಿದ್ದು ಸುಳ್ಳು."

ಮುಳ್ಳು ಸರ್ರನೆ ಇಳಿದು ಗೆರೆಯ ಈಚೆಗೆ ಬಂತು. ನನ್ನ ಕಾಲ ಕೆಳಗಿನ ಹಲಗೆ ಮೇಲೆದ್ದದ್ದು ನನಗೇ ಗೊತ್ತಾಯಿತು. ಚೌಡಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತ್ತು.

ಇವರು ನನ್ನ ಕಡೆ ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆಯಲ್ಲ ಅಂತ ಕೇಳಿದರು. ದೇವರ ಹೆಸರು ಹೇಳುತ್ತಿದ್ದೆ ಅಂದೆ. ಪ್ರತಿ ಸಲವೂನಾ ಅಂದರು. ಪ್ರತಿ ಸಲವೂ ಅಂದೆ. ಇವರು ತಲೆ ಆಡಿಸಿದರು. "ಸರಿ, ಒಳ್ಳೇದಾಯ್ತು ಹೇಳಿದ್ದು. ತೂಕಾನೂ ಸರಿ ಹೋಯ್ತು. ನಡಿ ಹೊರಡೋಣ," ಅಂದರು. ಅವರು ಹಾಗೆ ಅನ್ನುತ್ತಿರುವಾಗಲೇ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಗೆರೆ ಮುಟ್ಟಿತು, ದಾಟಿತು, ಮೊದಲು ಎಲ್ಲಿತ್ತೋ ಅಲ್ಲಿಗೇ ಹೋಗಿ ನಿಂತಿತು.

ಚೌಡಪ್ಪ ಕೆಮ್ಮಿದ. "ಧರಣೇಂದ್ರಣ್ಣ, ಈ ಭಾರ ಈಗ ನಿಮ್ದು," ಅಂದು, ಆಡುಗಳನ್ನು ಬೆಂಚಿನಿಂದ ಓಡಿಸುವ ನೆಪ ಮಾಡಿಕೊಂಡು ಎದ್ದು ಹೋದ.

ಇವರು ತಮ್ಮ ಹೆಸರಿನ ಮುಳ್ಳನ್ನು ನೋಡುತ್ತ ನಿಂತರು. ಹುಟ್ಟಿದಾಗಿನಿಂದ ಈ ತಕ್ಕಡಿ ಹತ್ತಿದ ಮನುಷ್ಯ, ಯಾವತ್ತೂ ಮಾತು ಒಳಗಿಟ್ಟುಕೊಂಡು ಅಭ್ಯಾಸವಿಲ್ಲ, ಹೇಗೆ ಶುರು ಮಾಡಬೇಕು ಅನ್ನುವುದೇ ತಿಳಿಯಲಿಲ್ಲ. ಕಣ್ಣು ತುಂಬಿತ್ತು, ನನಗೆ ಕಾಣದ ಹಾಗೆ ತೊಟ್ಟಿಲಿನೊಳಗೆ ಬಗ್ಗಿ ನೋಡಿದರು. ತೊಟ್ಟಿಲಿಗೇ ಹೇಳುವವರ ಹಾಗೆ ಹೇಳಿದರು.

"ಆ ಸೀಟು ಇನ್ನು ಖಾಲಿ ಅಲ್ವಾ. ನೀನು ಬಂದ ಮೇಲೆ ಆ ಸಂದೀಲಿ ನಾನು ಒಬ್ಬನೇ ಹೋಗೇ ಇಲ್ಲ. ಬೇರೆಯವರನ್ನ ಕರ್ಕೊಂಡು ಹೋದ್ರೂ ಅವರನ್ನ ಹಿಂದೆ ಹಾಕಿ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಹೋಗ್ತಿದ್ದೆ. ಒಬ್ಬನೇ ಹಾರೋಕೆ ನಂಗೆ ಬರಲ್ಲ ಈಗ."

ಮುಳ್ಳು ಇಳಿದದ್ದನ್ನು ನಾವಿಬ್ಬರೂ ನೋಡಲಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಜೊತೆಯಲ್ಲಿದ್ದು ನನ್ನನ್ನು ಅರ್ಥ ಮಾಡಿಕೊಂಡದ್ದು ಇಷ್ಟೇನಾ ಅಂತ ಸಿಟ್ಟು.

"ಭಯ ಆಗುತ್ತೆ ಅಂದೆ," ಅಂದೆ. "ಬರಲ್ಲ ಅಂದ್ನಾ?"

ಇವರು ತಲೆ ಎತ್ತಿದರು. ಚೌಡಪ್ಪ ದೂರದಿಂದಲೇ ಅಂಟಿನುಂಡೆ ಡಬ್ಬಾನೂ ಇಟ್ಕೊಳ್ಳಿ, ಗಂಟೂ ಇಟ್ಕೊಳ್ಳಿ, ಇನ್ನೂ ಜಾಗ ಇದೆ ಅಂತ ಕೂಗಿ ಹೇಳಿದ. ನಾನು ಡಬ್ಬವನ್ನೂ ಗಂಟನ್ನೂ ತೊಟ್ಟಿಲಿನೊಳಗೆ ಇಟ್ಟೆ. ಆಮೇಲೆ ಇವರನ್ನು ಅಲ್ಲೇ ನಿಲ್ಲಿಸಿ, ಮನೆಗೆ ಓಡಿ, ಇವರ ಚೀಲ ಹುಡುಕಿದೆ. ಎಷ್ಟೋ ವರ್ಷದಿಂದ ಅಟ್ಟದ ಮೇಲೆ ಬಿದ್ದದ್ದು, ಧೂಳು ಕೊಡವಿ, ಎರಡು ಅಂಗಿ, ಒಂದು ಪಂಚೆ ಹಾಕಿಕೊಂಡು ಬಂದೆ. ಮೊಮ್ಮಗುವನ್ನು ನೋಡಲು ಹೋಗುವ ಅಜ್ಜ ಬದಲಾಯಿಸಲು ಅಂಗಿ ಇಲ್ಲದೆ ಹೋಗುವುದು ಬೇಡ. ಚೀಲ ಇಟ್ಟ ಮೇಲೂ ಮುಳ್ಳು ಗೆರೆಯ ಈಚೆಗೇ ಇತ್ತು.

ಮಧ್ಯಾಹ್ನದ ಬಿಳಿ ವಿಮಾನಕ್ಕೆ ಜನ ಆಗಲೇ ಸಾಲಾಗಿ ನಿಂತದ್ದು ಜೌಗಿನ ಆಚೆ ಕಾಣುತ್ತಿತ್ತು. ನಾನು ನನ್ನ ಕೌದಿಯ ಸೀಟಿನಲ್ಲಿ ಕೂತೆ. ಬಲಗಡೆಯ ಬಾಗಿಲಿಗೆ ನಾನೇ ಹಗ್ಗ ಕಟ್ಟಿದೆ, ಇವತ್ತು ಎರಡು ಗಂಟು ಹೆಚ್ಚಿಗೆ ಹಾಕಿದೆ, ಅದನ್ನು ಇವರು ನೋಡಿದರೂ ನನಗೆ ನಾಚಿಕೆಯಾಗಲಿಲ್ಲ. ವಿಮಾನ ಓಡಿತು. ಬಯಲು ಮುಗಿದು ಕಮರಿಯ ಬಾಯಿ ಕಂಡ ಕೂಡಲೇ ನಾನು ಕಣ್ಣು ಮುಚ್ಚಲಿಲ್ಲ, ದೇವರ ಹೆಸರನ್ನೂ ಹೇಳಲಿಲ್ಲ. ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಕಿರುಚಿದೆ. ಇವರ ಹಾಡು ನಿಂತುಹೋಯಿತು. ಹಿಂದೆ ಡಬ್ಬ ಉರುಳಿ ತೊಟ್ಟಿಲು ಕಿರುಗುಟ್ಟಿತು. ಮೇಲೆದ್ದ ಮೇಲೆ ಇವರು ಬಲಗೈ ಚಾಚಿ ನನ್ನ ಕೈ ಹಿಡಿದರು. ಅಲ್ಲಿಯವರೆಗೆ ಹಾರುವಾಗ ಒಮ್ಮೆಯೂ ನನ್ನ ಕೈ ಹಿಡಿದಿರಲಿಲ್ಲ, ಹಿಡಿಯಬೇಕಾದ ಅಗತ್ಯ ಇದೆ ಅಂತ ಇವರಿಗೆ ಯಾರು ಹೇಳಿದ್ದರು?

ಬೆಟ್ಟದ ಸಂದಿ ಬಂತು. ಮೊರದಲ್ಲಿ ಕೇರಿದ ಹಾಗೆ ಕುಣಿಸಿತು. ಗಾಜಿಗೆ ಮಂಜು ಕಟ್ಟಿತು. ಇವರು ನನ್ನ ಕಡೆ ತಿರುಗಿದರು. ಕೂದಲು ನೆರೆತಿದೆ, ಹಲ್ಲು ಒಂದೆರಡು ಹೋಗಿವೆ, ಮುಖ ಮಾತ್ರ ಅದೇ ಹುಡುಗನದ್ದು.

"ಹೇಗಿದೆ?" ಅಂದರು.

"ಪ್ರಾಣ ಹೋಗ್ತಾ ಇದೆ," ಅಂದೆ. "ಮುಂದೆ ನೋಡಿ ಓಡಿಸಿ."

ಅವರು ಮುಂದೆ ನೋಡಿದರು. ನಾನು ಟವೆಲು ತೆಗೆದು ಗಾಜು ಒರೆಸಿದೆ.